ಬೇಲಿ ಮುರಿದ ಹಾಡು

1980ರ ಅಕ್ಟೋಬರಿನಲ್ಲಿ ಬಂದ 'ಡರ್ಟಿ ಮೈಂಡ್' ಆಲ್ಬಮ್ಮಿನ ಕಪ್ಪು-ಬಿಳುಪು ಮುಖಪುಟದಲ್ಲಿ ಇಪ್ಪತ್ತೆರಡರ ಪ್ರಿನ್ಸ್ ನಿಂತಿದ್ದಾನೆ: ಉದ್ದ ಕೋಟು, ಅದರೊಳಗೆ ಬರೀ ಒಳಚಡ್ಡಿ, ಕೊರಳಿಗೆ ಕರವಸ್ತ್ರ, ಬೆನ್ನ ಹಿಂದೆ ಹಾಸಿಗೆಯ ಬೋಳು ಸ್ಪ್ರಿಂಗುಗಳು. ಅದರಲ್ಲಿನ 'ಹೆಡ್' ಹಾಡು ಆ ಚಿತ್ರಕ್ಕೆ ತಕ್ಕದ್ದೇ. ಮದುವೆಗೆ ಹೊರಟ ಹುಡುಗಿ ದಾರಿಯಲ್ಲಿ ಸಿಕ್ಕವನೊಂದಿಗೆ ನಡೆಸುವ ಕಾಮದಾಟ ಅದರ ಕಥೆ. ಹೇಳುವುದರಲ್ಲಿ ಮುಚ್ಚುಮರೆಯೇ ಇಲ್ಲ. ಹೆಸರು ಮಾಡಲು ಪೋಲಿ ಹಾಡು ಕಟ್ಟಿದ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕಪ್ಪು ಅಮೆರಿಕನ್ನರ ಸಂಗೀತಕ್ಕೆ ಪೋಲಿತನ ಹೊಸದಲ್ಲ. ಅದಕ್ಕೊಂದು ಬೇಲಿ ಹಾಕಿಟ್ಟಿದ್ದರು, ಅಷ್ಟೆ. ಪ್ರಿನ್ಸ್ ಕೈಹಾಕಿದ್ದು ಆ ಬೇಲಿಗೆ.

1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಕಪ್ಪು ಗಿರಾಕಿಗಳಿಗೆಂದೇ 'ರೇಸ್ ರೆಕಾರ್ಡ್ಸ್' ಎಂಬ ಬೇರೆ ಪಟ್ಟಿ ಮಾಡಿ ಮಾರುತ್ತಿದ್ದವು. ಅಲ್ಲಿ ಬ್ಲೂಸ್ ಗಾಯಕಿಯರು ಸಕ್ಕರೆ, ತಿಂಡಿ, ಒಲೆಗಳ ನೆಪದಲ್ಲಿ ಹಾಸಿಗೆಯ ಮಾತೆಲ್ಲವನ್ನೂ ಆಡಿ ಮುಗಿಸುತ್ತಿದ್ದರು. 1928ರಲ್ಲಿ 'ಇಟ್ಸ್ ಟೈಟ್ ಲೈಕ್ ದಟ್' ಎಂಬ ದ್ವಂದ್ವಾರ್ಥದ ಹಾಡನ್ನು ಟ್ಯಾಂಪಾ ರೆಡ್ ಜೊತೆ ಧ್ವನಿಮುದ್ರಿಸಿದ ಜಾರ್ಜಿಯಾ ಟಾಮ್ ಯಾರು? ಮುಂದೆ ಗಾಸ್ಪೆಲ್ ಸಂಗೀತದ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿ! ಒಳಗಿದ್ದವರಿಗೆ ಪೋಲಿ ಪದವೂ ಪ್ರಾರ್ಥನೆಯೂ ಒಂದೇ ಬಾಳಿನವು. ಬೇಲಿಯಾಚೆ ಹೋಗಬೇಕಿದ್ದರೆ ಮಾತ್ರ ಮಾತನ್ನು ತೊಳೆಯಬೇಕಿತ್ತು. 1955ರಲ್ಲಿ ಲಿಟಲ್ ರಿಚರ್ಡ್ ಕ್ಲಬ್ಬುಗಳಲ್ಲಿ ಹಾಡುತ್ತಿದ್ದ 'ಟುಟ್ಟಿ ಫ್ರುಟ್ಟಿ'ಯ ಸಾಹಿತ್ಯ ಬದಲಾದ ಮೇಲೆಯೇ ಅದು ರೆಕಾರ್ಡಾದದ್ದು.

ಪ್ರಿನ್ಸ್ ಬೆಳೆದ ಮಿನಿಯಾಪೊಲಿಸ್‌ನಲ್ಲಿ ಕಪ್ಪು ಜನರ ಸಂಖ್ಯೆ ಕಡಿಮೆ, ಅವರ ರೇಡಿಯೋ ದನಿಯೂ ಕ್ಷೀಣ. ಅಲ್ಲಿನ ಹುಡುಗರ ಕಿವಿಗೆ ಬಿಳಿಯರ ರಾಕ್ ಧಾರಾಳವಾಗಿ ಬೀಳುತ್ತಿತ್ತು. 1979ರ 'ಐ ವಾನ್ನ ಬಿ ಯುವರ್ ಲವರ್' ಸೋಲ್ ಪಟ್ಟಿಯ ನೆತ್ತಿಗೇರಿದಾಗ ಅವನಿಗೊಂದು ಖಾನೆ ಗೊತ್ತಾಗಿಬಿಟ್ಟಿತ್ತು: ಸಿಹಿದನಿಯ ಕಪ್ಪು ಪ್ರೇಮಗಾಯಕ. ಮರುವರ್ಷ ಸರೋವರದ ಬದಿಯ ಮನೆಯೊಂದರಲ್ಲಿ, ಹೆಚ್ಚುಕಡಿಮೆ ಒಬ್ಬನೇ ಕೂತು ಮುದ್ರಿಸಿದ ಹಾಡುಗಳು ಆ ಖಾನೆಯನ್ನೇ ಒದ್ದವು. 'ಹೆಡ್' ಕೇಳಿ ನೋಡಿ. ಫಂಕ್‌ಗೆ ಮೈತುಂಬ ಸದ್ದು ಕೊಡುತ್ತಿದ್ದ ತುತ್ತೂರಿಗಳ ಮೇಳವೇ ಇಲ್ಲ. ಒಣ ಡ್ರಮ್ಮು, ತಿವಿಯುವ ಬೇಸ್, ನಡುವೆ ಮ್ಯಾಟ್ ಫಿಂಕ್ ಬೆರಳುಗಳಲ್ಲಿ ಕಿರುಚುತ್ತ ಮೇಲೇರುವ ಸಿಂಥಸೈಜರ್. ಮಾತಿನಂತೆ ಸಂಗೀತವೂ ಬಟ್ಟೆ ಕಳಚಿ ನಿಂತಿದೆ. ಇದು ಬರೀ ವ್ಯಾಪಾರದ ತಂತ್ರವಾಗಿದ್ದರೆ ಬಲು ಕೆಟ್ಟ ತಂತ್ರ: ಹಿಂದಿನ ಆಲ್ಬಮ್ 22ನೇ ಸ್ಥಾನದವರೆಗೆ ಏರಿದ್ದರೆ ಇದು 45ಕ್ಕೇ ನಿಂತಿತು. 1981ರಲ್ಲಿ ರೋಲಿಂಗ್ ಸ್ಟೋನ್ಸ್ ಕಛೇರಿಗೆ ಮುನ್ನ ಹಾಡಲು ಲಾಸ್ ಏಂಜಲೀಸ್‌ನ ವೇದಿಕೆ ಹತ್ತಿದಾಗ ಸಭಿಕರು ಕೂಗಾಡಿ, ಕೈಗೆ ಸಿಕ್ಕಿದ್ದನ್ನು ಎಸೆದು ಅವನನ್ನು ಇಳಿಸಿದರು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಧ್ವನಿಮುದ್ರಣಕ್ಕೆ ಮುಂಚೆ ವೇದಿಕೆಯಲ್ಲಿ ಈ ಹಾಡಿಗೆ ಜೊತೆಯಾಗಬೇಕಿದ್ದ ಕೀಬೋರ್ಡ್ ವಾದಕಿ ಗೇಲ್ ಚಾಪ್ಮನ್ ತಂಡ ಬಿಟ್ಟರು; ಇಂಥ ಸಾಹಿತ್ಯ ಅವರ ಧರ್ಮಶ್ರದ್ಧೆಗೆ ಒಗ್ಗಲಿಲ್ಲ ಎಂಬುದೂ ಒಂದು ಕಾರಣವೆನ್ನುತ್ತಾರೆ. ರೆಕಾರ್ಡಿನಲ್ಲಿ ವಧುವಿನ ಮಾತಿಗೆ ದನಿಯಾದದ್ದು ಆ ಜಾಗಕ್ಕೆ ಬಂದ ಲೀಸಾ ಕೋಲ್ಮನ್. ಗಂಡಸೊಬ್ಬನ ಬಿಡುಗಡೆಯ ಹಾಡು ಪಕ್ಕದಲ್ಲಿ ನಿಂತ ಹೆಣ್ಣಿಗೆ ಹೊರೆಯಾಗಿದ್ದರೆ ಆ ಲೆಕ್ಕವನ್ನೂ ಬರೆಯಲೇಬೇಕು. ಬೇಲಿ ಮುರಿದ ಸಾಹಸ ಅದನ್ನು ಅಳಿಸದು. ಆದರೆ ಅಧಿಕಾರಸ್ಥರ ಸಿಟ್ಟು ಬೇರೆಯದು: ಹಾಡು ಬೇಲಿ ದಾಟಿದಾಗ ಮಾತ್ರ ಅದು ಎದ್ದಿತು. 1980ರಲ್ಲಿ 'ಹೆಡ್' ವಿರುದ್ಧ ಯಾವ ಶಾಸನಸಭೆಯೂ ಕೂರಲಿಲ್ಲ. 1984ರಲ್ಲಿ 'ಪರ್ಪಲ್ ರೇನ್' 24 ವಾರ ಮೊದಲ ಸ್ಥಾನದಲ್ಲಿದ್ದು ಮನೆಮನೆ ಹೊಕ್ಕಿತು. ಅದರ 'ಡಾರ್ಲಿಂಗ್ ನಿಕ್ಕಿ' ರಾಜಕಾರಣಿ ಅಲ್ ಗೋರ್ ಮನೆಯಲ್ಲೂ ಕೇಳಿಸಿತು. ಅವರ ಹೆಂಡತಿ ಟಿಪ್ಪರ್ ಗೋರ್ ಸಿಡಿದೆದ್ದರು. ಅವರೂ ಜೊತೆಗಾರ್ತಿಯರೂ ಮಾಡಿದ ಆಕ್ಷೇಪಾರ್ಹ ಹಾಡುಗಳ ಪಟ್ಟಿಯಲ್ಲಿ ಬಿಳಿಯರ ಹೆವಿ ಮೆಟಲ್ ತಂಡಗಳೂ ಇದ್ದವು, ನಿಜ. ಆದರೆ ಪಟ್ಟಿಯ ತಲೆಯಲ್ಲಿದ್ದದ್ದು ನಿಕ್ಕಿ. 1985ರ ಸೆಪ್ಟೆಂಬರಿನಲ್ಲಿ ಸೆನೆಟ್ ಸಮಿತಿ ವಿಚಾರಣೆಗೆ ಕೂತಿತು. 'ಹೆಡ್' ನಿಕ್ಕಿಗಿಂತ ಬಿಚ್ಚುಮಾತಿನದು. ಐದು ವರ್ಷದಿಂದ ಅಂಗಡಿಗಳಲ್ಲೇ ಇತ್ತು.