ಅರವಂಟಿಗೆಯೂ ದೂರದ ಓಟವೂ: ತೂಬಗೆರೆ ಸೀಮೆಯಿಂದ ಒಂದು ವಿಚಾರ

ಬೇಸಗೆಯಲ್ಲಿ ಬಹುದೂರ ಓಡುವವನು ಏನನ್ನು, ಎಷ್ಟು, ಯಾವಾಗ ಕುಡಿಯಬೇಕೆಂಬುದು ಈಗ ವ್ಯಾಯಾಮಶಾಸ್ತ್ರದ ಪ್ರಶ್ನೆಯೆನಿಸಿದೆ. ಆದರೆ ಇದಕ್ಕೊಂದು ಚರಿತ್ರೆಯೂ ಉಂಟು; ಅದರ ಒಂದು ಮುಖ್ಯ ಭಾಗ ನಮ್ಮ ಶಾಸನಗಳಲ್ಲಿಯೂ ದಾರಿಬದಿಯ ಆಚಾರಗಳಲ್ಲಿಯೂ ಇದೆ. ಅದನ್ನು ತೂಬಗೆರೆಯ ಸೀಮೆಯಿಂದ ತೊಡಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತೂಬಗೆರೆಯು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಹೆಸರನ್ನು ತೂಬು, ಕೆರೆ ಎಂದು ಬಿಡಿಸಿ ನೋಡಿದರೆ ನೆಲದ ಸ್ವಭಾವವೇ ತಿಳಿಯುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ; ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯೂ ಮಳೆಯನ್ನೇ ನಂಬಿದ ಹೊಳೆ. ಬಿದ್ದ ನೀರನ್ನು ಹಿಡಿದಿಟ್ಟು ಅಳೆದು ಬಿಡುವುದೇ ಇಲ್ಲಿಯ ಬಾಳಿನ ಕ್ರಮ. ಇದೇ ಹೋಬಳಿಯ ಘಾಟಿ ಸುಬ್ರಹ್ಮಣ್ಯಕ್ಕೆ ಯಾತ್ರಿಕರೂ, ಅಲ್ಲಿಯ ದನಗಳ ಜಾತ್ರೆಗೆ ರೈತರೂ ತಲೆಮಾರುಗಳಿಂದ ಬಂದವರು. ಇಂದು ಸಮೀಪದ ನಂದಿಯ ಏರುದಾರಿಯಲ್ಲಿ ಬೆಂಗಳೂರಿನ ಓಟಗಾರರು ಅಭ್ಯಾಸ ನಡೆಸುತ್ತಾರೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ನೀರು ಕಳೆದುಕೊಂಡರೂ ಓಡುವವನಿಗೆ ಅದರ ಅರಿವಾಗದಿರಬಹುದು.

ಇಂತಹ ನೆಲದಲ್ಲಿ ಹುಟ್ಟಿದ ವ್ಯವಸ್ಥೆ ಅರವಂಟಿಗೆ. ಸಂಸ್ಕೃತದಲ್ಲಿ ಇದು ಪ್ರಪಾ, ತಮಿಳಿನಲ್ಲಿ ತಣ್ಣೀರ್ ಪಂದಲ್. ಪದದ ಮೊದಲ ಭಾಗವಾದ 'ಅಱ' ಎಂಬುದಕ್ಕೆ ಧರ್ಮವೆಂದರ್ಥ. ಕೆರೆ, ಬಾವಿ, ಛತ್ರಗಳ ಜೊತೆಯಲ್ಲಿ ಅರವಂಟಿಗೆಗೂ ಭೂಮಿಯನ್ನು ದತ್ತಿಯಾಗಿ ಬಿಟ್ಟುದನ್ನು ಕನ್ನಡ ಶಾಸನಗಳು ಹೇಳುತ್ತವೆ. ಚರಿತ್ರಕಾರರು ಇದನ್ನು ಸಾಮಾನ್ಯವಾಗಿ ಪುಣ್ಯಕಾರ್ಯಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುವರು. ಇದು ಸಾಲದೆಂದು ನನ್ನ ಅಭಿಪ್ರಾಯ. ಬೇಸಗೆಯ ದಾರಿ ನೀರಿಲ್ಲದೆ ದಾರಿಯೇ ಅಲ್ಲ. ಆದುದರಿಂದ ಅರವಂಟಿಗೆಯು ದಾನವಾದಷ್ಟೇ ಸಂಚಾರದ ಅಂಗವೂ ಆಗಿತ್ತು.

ಓಟವೇ ವೃತ್ತಿಯಾದವರನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಹಮ್ಮದ್ ಬಿನ್ ತುಘಲಕನ ಕಾಲದ ಕಾಲಾಳು ಅಂಚೆಯನ್ನು ಇಬನ್ ಬತೂತ ವರ್ಣಿಸಿದ್ದಾನೆ: ಮೈಲಿಗೆ ಮೂರು ಠಾಣೆ, ಓಡುವವನ ಕೈಯಲ್ಲಿ ತುದಿಗೆ ತಾಮ್ರದ ಗಂಟೆ ಕಟ್ಟಿದ ಕೋಲು, ಸದ್ದು ಕೇಳಿದೊಡನೆ ಮುಂದಿನವನು ಸಿದ್ಧ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು (1672–1704) ಸ್ಥಾಪಿಸಿದ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೂ ನಡೆದುಬಂದಿತು. ಠಾಣೆಯಿಂದ ಠಾಣೆಗೆ ಆಳು ಬದಲಾಗುವ ಏರ್ಪಾಡಿನಲ್ಲಿ ಪತ್ರ ದೂರ ಹೋಗುತ್ತದೆಯೇ ಹೊರತು ಒಂದೇ ದೇಹ ಅಷ್ಟು ದೂರ ಹೋಗುವುದಿಲ್ಲ. ಬಿಸಿಲಿಗೆ ಹಿಂದಿನವರು ಕಂಡುಕೊಂಡ ಉತ್ತರಗಳು ಹೀಗೆ ಎರಡು: ನಡೆಯುವವನಿಗೆ ಅರವಂಟಿಗೆ, ಓಡುವವನಿಗೆ ಸರದಿ.

ಆದರೆ ಈ ಹಳೆಯ ವ್ಯವಸ್ಥೆಯನ್ನು ನಿಷ್ಕಳಂಕವೆಂದು ಹೊಗಳಲಾಗದು. ಎತ್ತರದಿಂದ ಬೊಗಸೆಗೆ ನೀರು ಸುರಿಯುವ ಪದ್ಧತಿಯಲ್ಲಿ ಜಾತಿಯ ಅಂತರವೂ ಅಡಗಿತ್ತು. ನೀರಿನ ಹಕ್ಕಿಗಾಗಿ 1927ರಲ್ಲಿ ಅಂಬೇಡ್ಕರರು ಮಹಾಡದ ಚವದಾರ್ ಕೆರೆಗೆ ಇಳಿಯಬೇಕಾಯಿತೆಂಬುದನ್ನು ಅರವಂಟಿಗೆಯ ಚರಿತ್ರೆ ಬರೆಯುವವರು ಮರೆಯಕೂಡದು.

ಆಧುನಿಕ ಮ್ಯಾರಥಾನ್ ಸರದಿಯನ್ನು ಕೈಬಿಟ್ಟಿತು, 42.195 ಕಿಲೋಮೀಟರುಗಳನ್ನೂ ಒಂದೇ ದೇಹ ಓಡಬೇಕು. ಅರವಂಟಿಗೆಯ ವಿವೇಕವನ್ನು ಅದು ಕೂಡಲೆ ಕಲಿಯಲಿಲ್ಲ. 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ, ಸುಡುಬಿಸಿಲು ಮತ್ತು ಧೂಳಿನ ನಡುವೆ, 32 ಮಂದಿ ಓಟಕ್ಕಿಳಿದರು; ಗುರಿ ಮುಟ್ಟಿದವರು 14. ಅಷ್ಟು ದೂರದ ಹಾದಿಯಲ್ಲಿ ನೀರು ದೊರೆತದ್ದು ಒಂದೆರಡು ಕಡೆ ಮಾತ್ರ. ಗೆದ್ದ ಥಾಮಸ್ ಹಿಕ್ಸ್ ನೀರು ಬೇಡಿದಾಗ ಅವನ ಸಹಾಯಕರು ಬಾಯಿ ಒರೆಸಿ, ಸ್ಟ್ರಿಕ್ನಿನ್ ವಿಷವನ್ನು ಮೊಟ್ಟೆಯ ಬಿಳಿ ಮತ್ತು ಬ್ರಾಂದಿಯೊಡನೆ ಕೊಟ್ಟರು. ನೀರು ಕುಡಿಯದೆ ಓಡುವುದೇ ಶೂರತನವೆಂಬ ಭ್ರಮೆ ಅನೇಕ ದಶಕಗಳ ಕಾಲ ಉಳಿಯಿತು.

ಮುಂದೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ದೇಹ ತಾಳುವಷ್ಟೂ ಕುಡಿಯಿರೆಂದು 1996ರಲ್ಲಿ ಅಮೆರಿಕದ ಕ್ರೀಡಾವೈದ್ಯ ಸಂಸ್ಥೆ ಸಲಹೆಯಿತ್ತಿತು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಸಿಂಥಿಯಾ ಲೂಸೆರೊ ಎಂಬ ಓಟಗಾರ್ತಿ ಅತಿಯಾಗಿ ಕುಡಿದುದರಿಂದ ರಕ್ತದ ಸೋಡಿಯಂ ಕುಸಿದು ಮಡಿದಳು. ಅದೇ ಓಟದ 488 ಮಂದಿಯನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 13 ಮಂದಿಗೆ ಈ ಕೊರತೆ ಕಂಡುಬಂದಿತು. ಓಡುವಾಗ ನೀರಿಲ್ಲದೆ ಸೊರಗುವುದು ಎಲ್ಲರಿಗೂ ತಿಳಿದ ಅಪಾಯ; ನೀರು ಮಿತಿಮೀರಿ ಮಿದುಳು ಬಾತುಕೊಳ್ಳುವುದು ತಡವಾಗಿ ತಿಳಿದ ಅಪಾಯ. ಬಾಯಾರಿದಾಗ, ಬಾಯಾರಿದಷ್ಟು ಕುಡಿಯುವುದೇ ಲೇಸೆಂದು ಇಂದಿನ ಅನೇಕ ವೈದ್ಯರ ಮತ. ಅರವಂಟಿಗೆಯ ಬೊಗಸೆಯಿಂದ ಕುಡಿಯುವವನು ಸಾಕಾದೊಡನೆ ಬೆರಳು ಸಡಿಲಿಸುತ್ತಿದ್ದ; ಅಲ್ಲಿ ಅಳತೆಗೋಲು ಬಾಯಾರಿಕೆಯೇ.

ಬೆವರಿನೊಡನೆ ಉಪ್ಪೂ ಹೋಗುತ್ತದೆ. ಕರುಳಿನಲ್ಲಿ ಗ್ಲೂಕೋಸು ಸೋಡಿಯಮ್ಮಿನೊಡನೆ ಜೊತೆಗೂಡಿ ಒಳಸೇರುವುದೆಂಬ ತತ್ತ್ವವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದನು. ಅದೇ ತತ್ತ್ವವನ್ನು ನಂಬಿ ದಿಲೀಪ್ ಮಹಲನಬಿಸ್ ಅವರು 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಉಪ್ಪು ಸಕ್ಕರೆಯ ನೀರಿನಿಂದ ಕಾಲರಾ ರೋಗಿಗಳನ್ನು ಉಳಿಸಿದರು. ರಾಮನವಮಿಯ ಬೆಲ್ಲದ ಪಾನಕವನ್ನೂ ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನೂ ಹಂಚಿದವರಿಗೆ ಈ ಶಾಸ್ತ್ರ ಗೊತ್ತಿತ್ತೆಂದು ವಾದಿಸುವುದು ಅತಿಶಯೋಕ್ತಿ. ಚೈತ್ರದ ಬಿಸಿಲು ಅವರಿಗೆ ಗೊತ್ತಿತ್ತು. ಹೊಲದ ಕೆಲಸಕ್ಕೆ ಹೊರಡುವ ಬಯಲುಸೀಮೆಯ ರೈತನು ಕುಡಿಯುತ್ತಿದ್ದ ರಾಗಿ ಅಂಬಲಿಯಲ್ಲಿಯೂ ಹಿಟ್ಟು, ಮಜ್ಜಿಗೆ, ಉಪ್ಪು ಮೂರೂ ಇದ್ದುವು.