ಎರಡು ಕಂಪ್ಯೂಟರುಗಳ ನಡುವಿನ ಚರಿತ್ರೆ

ಆರ್‌.ಟಿ. ನಗರದ ಒಂದು ಮನೆಯಲ್ಲಿ ಎರಡು ಕಂಪ್ಯೂಟರುಗಳಿವೆ ಎಂದುಕೊಳ್ಳಿ. ಎಸ್‌.ಪಿ. ರಸ್ತೆಯಿಂದ ತಂದ ಕೇಬಲ್‌ ಒಂದರಿಂದ ಇನ್ನೊಂದಕ್ಕೆ ಹೋಗಿದೆ. ಆದರೂ ಒಂದರಲ್ಲಿರುವ ಫೈಲು ಇನ್ನೊಂದಕ್ಕೆ ಕಾಣುತ್ತಿಲ್ಲ. ದೋಷ ಹುಡುಕಲು ಕೂತವರು ಕೇಬಲ್ಲು, ವಿಳಾಸ, ಅನುಮತಿ ಎಂದು ಒಂದೊಂದನ್ನೇ ಪರೀಕ್ಷಿಸುತ್ತಾ ಹೋಗುತ್ತಾರೆ. ಈ ಒಂದೊಂದು ಹೆಜ್ಜೆಗೂ ಒಂದು ಇಸವಿ ಇದೆ, ಹಿಂದೆ ಯಾರೋ ಪಟ್ಟ ಪಾಡಿದೆ.

ಮೊದಲು ಕೇಬಲ್‌. 1973ರಲ್ಲಿ ಅಮೆರಿಕದ ಜೆರಾಕ್ಸ್‌ ಪಾರ್ಕ್‌ ಪ್ರಯೋಗಾಲಯದಲ್ಲಿ ರಾಬರ್ಟ್‌ ಮೆಟ್‌ಕಾಫ್‌ ಕಂಪ್ಯೂಟರುಗಳನ್ನು ಜೋಡಿಸುವ ಒಂದು ವಿಧಾನ ಬರೆದಿಟ್ಟು ಅದಕ್ಕೆ ಈಥರ್‌ನೆಟ್‌ ಎಂದು ಹೆಸರಿಟ್ಟರು. ಬೆಳಕು ಹರಿಯಲು ಬೇಕೆಂದು ಹಳೆಯ ಭೌತಶಾಸ್ತ್ರ ಕಲ್ಪಿಸಿಕೊಂಡಿದ್ದ ‘ಈಥರ್‌’ ಎಂಬ ಇಲ್ಲದ ವಸ್ತುವಿನ ಹೆಸರು ಅದು. ನಮ್ಮ ಮನೆಗಳಿಗೆ ಮೊದಲು ಬಂದ ಈಥರ್‌ನೆಟ್‌ ಕೇಬಲ್ಲಿನಲ್ಲಿ ಕಳಿಸುವ ತಂತಿ ಬೇರೆ, ಕೇಳಿಸಿಕೊಳ್ಳುವ ತಂತಿ ಬೇರೆ. ಎರಡು ಹಳೆಯ ಕಂಪ್ಯೂಟರುಗಳನ್ನು ಸಾಮಾನ್ಯ ಕೇಬಲ್ಲಿನಿಂದ ನೇರವಾಗಿ ಜೋಡಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಇಟ್ಟ ಹಾಗೆ. ಅದಕ್ಕೇ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್‌ ಕೇಬಲ್‌ ಬೇಕಾಗುತ್ತಿತ್ತು. ಈಗಿನ ಯಂತ್ರಗಳು ಆ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ.

ತಂತಿ ಸರಿಯಿದ್ದರೂ ಒಪ್ಪಂದವಿಲ್ಲದೆ ಮಾತು ಸಾಗದು. ಇದನ್ನು ನಮ್ಮ ದೇಶ ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಅರ್ನೆಟ್‌ ಯೋಜನೆಯಲ್ಲಿ. ಕೇಂದ್ರದ ಎಲೆಕ್ಟ್ರಾನಿಕ್ಸ್‌ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ 1986ರಲ್ಲಿ ಶುರುಮಾಡಿದ ಈ ಜಾಲದಲ್ಲಿ ಐದು ಐಐಟಿಗಳ ಜತೆ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆರಂಭದಲ್ಲಿ ಟೆಲಿಫೋನ್‌ ಡಯಲ್‌ ಮಾಡಿ ಇಮೇಲ್‌ ಕಳಿಸುವುದಷ್ಟೇ ಸಾಧ್ಯವಿತ್ತು. 1992ರ ಹೊತ್ತಿಗೆ ಈ ಸಂಸ್ಥೆಗಳ ನಡುವೆ ಸೆಕೆಂಡಿಗೆ 9.6 ಕಿಲೋಬಿಟ್‌ ವೇಗದ ಬಾಡಿಗೆ ಲೈನುಗಳು ಬಂದವು. ಆ ವೇಗದಲ್ಲಿ ಒಂದು ಎಂಬಿ ಗಾತ್ರದ ಫೈಲು ಸಾಗಲು ಸುಮಾರು ಕಾಲು ಗಂಟೆ ಬೇಕು. ಯಾವ ಒಪ್ಪಂದ ಗೆಲ್ಲುತ್ತದೆಂದು ಆಗ ಯಾರಿಗೂ ಖಾತ್ರಿಯಿರಲಿಲ್ಲ. ಹಾಗಾಗಿ ಅರ್ನೆಟ್‌ ಟಿಸಿಪಿ/ಐಪಿ ಮತ್ತು ಓಎಸ್‌ಐ ಎಂಬ ಎರಡು ಭಾಷೆಗಳನ್ನೂ ಇಟ್ಟುಕೊಂಡಿತ್ತು. ಗೆದ್ದದ್ದು ಮೊದಲನೆಯದು, ಇಂದು ನಮ್ಮ ಮನೆಗಳಲ್ಲಿ ಓಡುತ್ತಿರುವುದೂ ಅದೇ.

ಇನ್ನು ವಿಳಾಸ. 1990ರಲ್ಲಿ ಅರ್ನೆಟ್‌ಗೆ 144.16 ಎಂದು ಶುರುವಾಗುವ ವಿಳಾಸಗಳ ಕಂತೆ ಸಿಕ್ಕಿತು. ಜಗತ್ತಿನಲ್ಲಿ ಬೇರೆ ಯಾರಿಗೂ ಅವು ಇಲ್ಲ. ಕಂಪ್ಯೂಟರುಗಳು ಹೆಚ್ಚಿದಂತೆ ಎಲ್ಲರಿಗೂ ಅಂಥ ವಿಳಾಸ ಸಾಲದಾಯಿತು. 1994ರಲ್ಲಿ 192.168ರಂಥ ಕೆಲವು ಸಾಲುಗಳನ್ನು ಒಳಬಳಕೆಗೆಂದೇ ಮೀಸಲಿಟ್ಟರು. ಇವು ಮನೆಯೊಳಗೆ ಕರೆಯುವ ಹೆಸರುಗಳಿದ್ದಂತೆ. ಮನೆಮನೆಯಲ್ಲೂ ಒಬ್ಬ ಪುಟ್ಟ ಇರಬಹುದು, ತೊಂದರೆಯಿಲ್ಲ; ಒಂದೇ ಮನೆಯಲ್ಲಿ ಇಬ್ಬರು ಪುಟ್ಟರಿದ್ದರೆ ಮಾತ್ರ ಗೊಂದಲ. ಪರದೆಯಲ್ಲಿ 169.254 ಎಂದು ಕಂಡರೆ, ಯಾರೂ ಹೆಸರಿಡದೆ ಆ ಕಂಪ್ಯೂಟರು ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ.

ಆಮೇಲೆ ಪಿಂಗ್‌. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದ ಮೈಕ್‌ ಮೂಸ್‌ ತಮ್ಮ ಜಾಲದ ತೊಂದರೆ ಹುಡುಕಲು ಈ ಪುಟ್ಟ ಪ್ರೋಗ್ರಾಮನ್ನು ಒಂದೇ ಸಂಜೆಯಲ್ಲಿ ಬರೆದರು. ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಸೋನಾರ್‌ ಸದ್ದಿನ ಹೆಸರನ್ನೇ ಇಟ್ಟರು. ಕೂಗು ಹಾಕಿ ಓಗೊಡುತ್ತಾರೋ ನೋಡುವುದಷ್ಟೇ ಅದರ ಕೆಲಸ. ಆದರೆ ಓಗೊಡದಿದ್ದರೆ ಆ ಕಡೆ ಯಾರೂ ಇಲ್ಲವೆಂದಲ್ಲ. 2003ರಲ್ಲಿ ಬ್ಲಾಸ್ಟರ್‌ ಎಂಬ ಹುಳು ವಿಂಡೋಸ್‌ ಯಂತ್ರಗಳನ್ನು ಕಾಡಿತು. ಮರುವರ್ಷ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್‌ ಪ್ಯಾಕ್‌ ಫೈರ್‌ವಾಲನ್ನು ತಾನಾಗಿಯೇ ಚಾಲೂ ಮಾಡಿತು. ಅಲ್ಲಿಂದಾಚೆ ಪಕ್ಕದ ಕೋಣೆಯ ಕಂಪ್ಯೂಟರಿಗೂ ಒಳಬರಲು ಅಪ್ಪಣೆ ಬೇಕಾಯಿತು.

ಇಷ್ಟೆಲ್ಲ ದಾಟಿ ಫೈಲು ತಲುಪಿತು ಅನ್ನೋಣ. ಅದು ಕನ್ನಡದ್ದಾಗಿದ್ದರೆ ಕೊನೆಯ ತೊಡಕು ಆಗಲೇ ಶುರು. ನುಡಿ, ಬರಹದಂಥ ತಂತ್ರಾಂಶಗಳು ಆರಂಭದಲ್ಲಿ ಇಂಗ್ಲಿಷ್‌ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅದೇ ಫಾಂಟ್‌ ಆ ಕಡೆ ಇಲ್ಲದಿದ್ದರೆ ಕಥೆಯೂ ಕವಿತೆಯೂ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತಿದ್ದವು. ಒಂದು ಅಕ್ಷರವೂ ಕಳೆದಿಲ್ಲ, ಆದರೂ ಓದಲಾಗದು. ಯೂನಿಕೋಡ್‌ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಜಾಗ ಕೊಟ್ಟಿತ್ತು. ಅದು ಸಾಮಾನ್ಯರ ಕಂಪ್ಯೂಟರಿಗೆ ಬಂದದ್ದು ಹತ್ತು ವರ್ಷದ ನಂತರ, ವಿಂಡೋಸ್‌ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂದಾಗ. ಅಚ್ಚಿನ ಲೋಕ ಆಮೇಲೂ ಬಹಳ ಕಾಲ ಹಳೆಯ ಫಾಂಟುಗಳಲ್ಲೇ ಉಳಿಯಿತು. ಹಾಗೆ ಬರೆದಿಟ್ಟ ಎಷ್ಟೋ ಕನ್ನಡ, ಪರಿವರ್ತಿಸದ ಹೊರತು, ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಈಗ ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗಬೇಕಾದ ಫೋಟೋ ಎಲ್ಲೋ ದೂರದ ಸರ್ವರಿಗೆ ಹೋಗಿ ಬರುತ್ತದೆ. ಅನುಕೂಲವೇನೋ ಹೌದು. ಆದರೆ ಒಪ್ಪಂದಗಳೆಲ್ಲ ನಮ್ಮ ಕಣ್ಣಿಗೆ ಬೀಳದ ಕಡೆ ಸರಿದಿವೆ. ಅವು ಎಲ್ಲಿ ಮುರಿದವೆಂದು ಹುಡುಕುವ ಅಭ್ಯಾಸವೂ ನಮ್ಮ ಕೈತಪ್ಪುತ್ತಿದೆ. ಕನ್ನಡದ ಅಕ್ಷರಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾಗೆಯೇ ತಲುಪುವಂತಾದದ್ದು ಅಂಥ ಅಭ್ಯಾಸವಿದ್ದವರಿಂದಲೇ.