ಐರನ್ ಮೇಡನ್ (ಚೊಚ್ಚಲ ಆಲ್ಬಮ್)

ಪೂರ್ವ ಲಂಡನ್ನಿನ ಹೆವಿ ಮೆಟಲ್ ತಂಡವಾದ ಐರನ್ ಮೇಡನ್ ತನ್ನದೇ ಹೆಸರಿನಲ್ಲಿ 1980ರ ಏಪ್ರಿಲ್ 14ರಂದು ಇಎಂಐ ಸಂಸ್ಥೆಯ ಮೂಲಕ ಹೊರತಂದ ಮೊದಲ ಆಲ್ಬಮ್. ಇದು ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು. ಇದರ ಡ್ರಮ್ ವಾದಕ ಕ್ಲೈವ್ ಬರ್ (1957–2013) ಈಸ್ಟ್ ಹ್ಯಾಮ್‌ನಲ್ಲಿ ಹುಟ್ಟಿದವನು. ಅಲ್ಲಿನ ರಸ್ಕಿನ್ ಆರ್ಮ್ಸ್ ಎಂಬ ಪಬ್ಬಿನಲ್ಲಿ ತಂಡವು 1970ರ ದಶಕದ ಕೊನೆಯಲ್ಲಿ ಮತ್ತೆ ಮತ್ತೆ ನುಡಿಸುತ್ತಿತ್ತು. ಪಲ್ಲವಿ-ಚರಣಗಳ ಸರಳ ಚೌಕಟ್ಟನ್ನು ಮೀರಿ, ಲಯವನ್ನೂ ವೇಗವನ್ನೂ ನಡುನಡುವೆ ಬದಲಿಸುತ್ತ ದೀರ್ಘ ರಚನೆಗಳನ್ನು ಕಟ್ಟುವ ಪ್ರೊಗ್ರೆಸಿವ್ ರಾಕ್ ಶೈಲಿಯನ್ನು, ಅದರಲ್ಲೂ ಜೆನೆಸಿಸ್ ಮತ್ತು ಜೆತ್ರೊ ಟಲ್ ತಂಡಗಳನ್ನು, ಬಹುವಾಗಿ ಮೆಚ್ಚಿದ್ದ ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ರಚಿಸಿದ, 7 ನಿಮಿಷ ಮೀರುವ ‘ಫ್ಯಾಂಟಮ್ ಆಫ್ ದಿ ಒಪೆರಾ’ ಈ ಆಲ್ಬಮ್ಮಿನ ಅತ್ಯಂತ ಸಮೃದ್ಧ ಕೃತಿಯೆನ್ನಬೇಕು. ತಂಡವು 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಹಾಡಿತು.